ಬಲಗಡೆಯ ಎಕ್ಸೆಲ್

ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಎಡವಟ್ಟಾದದ್ದೇ ಅಲ್ಲಿ. ಎಂಜಿನ್ ಕೆಟ್ಟಿದ್ದರೆ ಮಲ್ಲಿಕಾರ್ಜುನಪ್ಪನವರಿಗೂ ಅರ್ಥವಾಗುತ್ತಿತ್ತು. ಬಾನೆಟ್ ಎತ್ತಿ, ನೀರು ಸುರಿದು, ತಾವೊಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೊರಡುತ್ತದೆಂದು ಕಾಯುತ್ತಿದ್ದರು. ಇಲ್ಲಿ ಎಂಜಿನ್ ಚೆನ್ನಾಗಿಯೇ ಗುರುಗುಡುತ್ತಿದೆ, ಗೇರು ಬೀಳುತ್ತಿದೆ, ಕ್ಲಚ್ ಬಿಟ್ಟರೆ ಅಡಿಯಲ್ಲಿ ಏನೋ ಗಿರಗಿರ ತಿರುಗುವುದೂ ಕೇಳುತ್ತಿದೆ. ಕಾರು ಮಾತ್ರ ಒಂದು ಗೇಣೂ ಕದಲದು. ಶಿರಾಳಕೊಪ್ಪ ದಾಟಿ ಸೊರಬದ ದಾರಿಯಲ್ಲಿ ಅರ್ಧ ಬಂದಿದ್ದರು, ಹೊತ್ತು ನೆತ್ತಿಗೇರಿತ್ತು.

"ಇದೇನೋ ಉಜ್ಜಪ್ಪ, ಕೂಗಾದೊಂದು ಕೂಗ್ತತಿ, ಮುಂದಕ್ಕೆ ಹೋಗವಲ್ದು" ಎಂದರು ಹಿಂದಿನ ಸೀಟಿನಿಂದ.

ಡ್ರೈವರ್ ಉಜ್ಜಪ್ಪನಿಗೆ ಆಗಲೇ ಗೊತ್ತಾಗಿಹೋಗಿತ್ತು. ಆದರೂ ಒಮ್ಮೆ ಇಳಿದು, ಕಾರಿನಡಿ ಮಲಗಿ ನೋಡಿ, ಬೆನ್ನಿನ ಮಣ್ಣು ಕೊಡವುತ್ತ ಎದ್ದ. "ಹಿಂದ್ಲ ಎಕ್ಸೆಲ್ ಮುರಿದತ್ರಿ ಸಾವ್ಕಾರ್ರೆ. ಇಲ್ಲಿ ಏನೂ ಮಾಡಾಕೆ ಬರಾದಿಲ್ಲ."

ಮಲ್ಲಿಕಾರ್ಜುನಪ್ಪನವರು ಶಿಕಾರಿಪುರದ ಜವಳಿ ಅಂಗಡಿಯ ಸಾವ್ಕಾರರು. ಊರಿಗೆಲ್ಲ ಸೇರಿ ಇದ್ದ ಮೂರು ಕಾರುಗಳಲ್ಲಿ ಒಂದು ಅವರದು, ಶಿವಮೊಗ್ಗದಲ್ಲಿ ಯಾರೋ ಹತ್ತು ವರ್ಷ ಓಡಿಸಿ ಬಿಟ್ಟದ್ದು. ಆ ದಿನ ಅವರು ಹೊರಟದ್ದು ಮಗಳು ಜಗದಾಂಬಳ ಮದುವೆಯ ಮಾತಿಗೆ. ಸೊರಬದ ಬೀಗರಾಗುವವರು ಕಾರಿನ ದಾರಿ ಕಾಯುತ್ತಿದ್ದರು, ಕಾರಲ್ಲೇ ಬರುತ್ತೇನೆಂದು ಇವರೇ ಎರಡೆರಡು ಸಲ ಹೇಳಿ ಕಳಿಸಿದ್ದರು. ಎರಡು ತಾಸು ರಸ್ತೆಯಲ್ಲಿ ನಿಂತ ಮೇಲೆ ಆ ಕಡೆಗೆ ಹೋಗುವ ಒಂದೇ ಒಂದು ಗಾಡಿ ಸಿಕ್ಕಿತು. ಅದು ಗೊಬ್ಬರದ ಗಾಡಿ. ಜರಿಯಂಚಿನ ರುಮಾಲು ಸುತ್ತಿ, ಬಿಳಿ ಪಂಚೆ ಉಟ್ಟು, ಕೊಡೆ ಬಿಡಿಸಿಕೊಂಡು ಸಾವ್ಕಾರರು ಗೊಬ್ಬರದ ಮೇಲೆ ಗೋಣಿ ಹಾಸಿ ಕೂತು ಬೀಗರ ಮನೆ ಬಾಗಿಲಿಗೆ ಇಳಿದರು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರಂತೆ. ಹುಡುಗನಿಗೆ ಈ ವರ್ಷ ಕಂಕಣಬಲ ಇಲ್ಲವೆಂದು ಮೂರನೆಯ ದಿನ ಹೇಳಿಕೆ ಬಂತು. ಇಷ್ಟಾದ ಮೇಲೆ ಮನುಷ್ಯನಿಗೆ ಸಿಟ್ಟು ಇಳಿಸಿಕೊಳ್ಳಲು ಒಂದು ತಲೆ ಬೇಡವೇ? ಇತ್ತು, ಉಜ್ಜಪ್ಪನದು.

ಎರಡು ಜೊತೆ ಎತ್ತು ಕಟ್ಟಿ ಕಾರನ್ನು ಶಿಕಾರಿಪುರಕ್ಕೆ ಎಳೆಸಿಕೊಂಡು ಬರಲು ಒಂದೂವರೆ ದಿನ ಹಿಡಿಯಿತು. ಅಷ್ಟೂ ಹೊತ್ತು ಸ್ಟಿಯರಿಂಗ್ ಹಿಡಿದು ಕೂತಿದ್ದವನು ಅವನೇ. ದಾರಿಯುದ್ದಕ್ಕೂ ಜನ, "ಏನ್ ಉಜ್ಜಪ್ಪ, ಎತ್ತಿನ ಕಾರು ಯಾವಾಗ ತಗಂಡ್ರಿ?" ಎಂದು ಕೇಳಿದರು. ಅವನೂ ನಕ್ಕ. ಅವನಿಗೆ ಅದು ಅವಮಾನ ಅನ್ನಿಸಿರಲಿಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ದಾವಣಗೆರೆಯ ಲಾರಿಗಳಲ್ಲಿ ಕ್ಲೀನರಾಗಿ ಒದೆ ತಿಂದು, ಶಿವಮೊಗ್ಗಕ್ಕೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದವನು ಅವನು. ಅವರ ಹಟ್ಟಿಯಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಕೈ ಅದು. ಆರು ವರ್ಷದಿಂದ ಈ ಕಾರನ್ನು ಹೆಂಡತಿಗಿಂತ ಹೆಚ್ಚು ನೋಡಿಕೊಂಡಿದ್ದ. ಇದರಿಂದ ಇಳಿಸಿದರೆ ಮತ್ತೊಂದಕ್ಕೆ ಹತ್ತುವುದು ಹೇಗೆ? ಎರಡು ತಾಲ್ಲೂಕಿಗೂ ಸೇರಿ ಇರುವ ಮೋಟಾರುಗಳು ಬೆರಳೆಣಿಕೆಯವು, ಮಾಲೀಕರೆಲ್ಲ ಒಬ್ಬರಿಗೊಬ್ಬರು ನೆಂಟರು. ಒಬ್ಬರ ಬಾಯಲ್ಲಿ ಕೆಟ್ಟವನಾದರೆ ಎಲ್ಲರ ಬಾಯಲ್ಲೂ ಕೆಟ್ಟವನೇ.

ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಮಾಡುವ ಯಲ್ಲಪ್ಪ ಮೇಸ್ತ್ರಿ ಮಾರನೆಯ ಬೆಳಿಗ್ಗೆ ಸಾವ್ಕಾರರ ಮನೆಯ ಅಂಗಳಕ್ಕೇ ಬಂದ. ಎಣ್ಣೆ ಹಿಡಿದ ಖಾಕಿ ಚಡ್ಡಿ, ಕಿವಿಯಲ್ಲಿ ಬೀಡಿ, ಯಾರ ಮುಲಾಜೂ ಇಲ್ಲದ ಬಾಯಿ. ಸಾವ್ಕಾರರು ಜಗಲಿಯ ಮೇಲೆ ಕೂತರು. ಬಾಗಿಲ ಹಿಂದೆ ಅವರ ಹೆಂಡತಿ ನೀಲಾಂಬಿಕಮ್ಮ ಬಂದು ನಿಂತರು.

"ಕ್ರೌನೇ ಪುಡಿಯಾಗಿರಬೇಕು ಕಣೋ ಯಲ್ಲಪ್ಪ" ಎಂದರು ಸಾವ್ಕಾರರು. ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂಥ ಕಬ್ಬಿಣದ ಬುರುಡೆಯೊಂದಿರುತ್ತದಲ್ಲ, ಅದರೊಳಗಿನ ಹಲ್ಲುಗಾಲಿಗೆ ಕ್ರೌನ್ ಎನ್ನುತ್ತಾರೆ. ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚಿಕೊಡುವುದು ಅದೇ, ಅಲ್ಲಿಂದ ಒಂದೊಂದು ಚಕ್ರಕ್ಕೆ ಹೋಗುವ ಸರಳೇ ಎಕ್ಸೆಲ್. "ಅಜ್ಞಾನಿ ಹಂಗೆ ಓಡಿಸಿದ್ರೆ ಇನ್ನೇನಾಗ್ತತಿ."

"ಕ್ರೌನ್ ಅಲ್ರಿ. ಬಲಗಡಿ ಎಕ್ಸೆಲ್ ಅಷ್ಟೆ" ಎಂದ ಉಜ್ಜಪ್ಪ.

"ಹೆಂಗೆ ಹೇಳ್ತಿ? ತೋರ್ಸು ನೋಡನ" ಎಂದು ಯಲ್ಲಪ್ಪ ಬೀಡಿ ಹಚ್ಚಿಕೊಂಡು ಪಕ್ಕಕ್ಕೆ ನಿಂತ. ಡ್ರೈವರುಗಳ ಜಂಭ ಇಳಿಸುವುದೆಂದರೆ ಅವನಿಗೆ ಬಲು ಖುಷಿ.

ಉಜ್ಜಪ್ಪ ಜಾಕಿ ಕೊಟ್ಟು ಹಿಂದಿನ ಎರಡೂ ಚಕ್ರ ಎತ್ತಿ ಅಡಿಗೆ ದಿಮ್ಮಿ ಇಟ್ಟ. ಗೇರಿಗೆ ಹಾಕಿದ. ಎಡ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದ. ಕಾರು ಸರಿಯಿದ್ದರೆ ಎಡ ಚಕ್ರ ಮುಂದಕ್ಕೆ ತಿರುಗಿಸಿದಾಗ ಬಲ ಚಕ್ರ ತಾನಾಗಿ ಹಿಂದಕ್ಕೆ ತಿರುಗಬೇಕು. ಬಲ ಚಕ್ರ ಮಿಸುಕಲಿಲ್ಲ, ಬುರುಡೆಯೊಳಗೆ ಮಾತ್ರ ಹಲ್ಲಿಗೆ ಹಲ್ಲು ಕೂಡುವ ಮೆತ್ತನೆಯ ಸದ್ದಾಯಿತು. ಆಮೇಲೆ ಬಲಗಡೆಗೆ ಬಂದು ಆ ಚಕ್ರಕ್ಕೆ ಒಂದು ಏಟು ಕೊಟ್ಟ. ಅದು ಯಾರ ಹಂಗೂ ಇಲ್ಲದೆ ತಿರುಗುತ್ತಲೇ ಇತ್ತು. ಒಳಗೆ ಸದ್ದೇ ಇಲ್ಲ.

"ಎಡಕ್ಕೆ ಕ್ರೌನ್ ಮಾತಾಡ್ತತಿ, ಬಲಕ್ಕೆ ಮಾತಾಡಾದಿಲ್ಲ" ಎಂದ ಉಜ್ಜಪ್ಪ. "ಎಣ್ಣಿ ಬೇಕಾದ್ರೂ ಇಳಿಸಿ ನೋಡು, ಹಲ್ಲಿನ ಚೂರು ಒಂದೂ ಸಿಗಾದಿಲ್ಲ."

ಯಲ್ಲಪ್ಪ ಬುರುಡೆಯ ಎಣ್ಣೆ ಇಳಿಸಿ ಬೆರಳಲ್ಲಿ ತಿಕ್ಕಿ ನೋಡಿದ. ಚೂರಿರಲಿಲ್ಲ. ಬಲಗಡೆಯ ಚಕ್ರ ಬಿಚ್ಚಿ ಎಕ್ಸೆಲ್ ಎಳೆದ. ಎರಡೂವರೆ ಅಡಿ ಬರಬೇಕಾದ ಸರಳು ಒಳತುದಿಯಲ್ಲಿ ನಾಲ್ಕು ಬೆರಳು ಕಡಿಮೆಯಾಗಿ ಹೊರಗೆ ಬಂತು. "ಮಗನೇ, ನನ್ನ ಹೊಟ್ಟಿ ಮೇಲೆ ಹೊಡೀತಿ ನೀನು" ಎಂದು ಯಲ್ಲಪ್ಪ ಉಜ್ಜಪ್ಪನ ಬೆನ್ನು ತಟ್ಟಿದ. ಉಜ್ಜಪ್ಪನಿಗೆ ಎದೆ ತುಂಬಿಬಂತು. ಸಾವ್ಕಾರರ ಎದುರಿಗೇ ಆ ಮಾತು ಬಂದದ್ದಕ್ಕೆ ಇನ್ನಷ್ಟು ಹಿಗ್ಗಿದ. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಯಲ್ಲಪ್ಪ ಮುರಿದ ತುದಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಜಗಲಿಯ ಹತ್ತಿರ ತಂದು ಹಿಡಿದ. "ಇಲ್ನೋಡ್ರಿ ಸಾವ್ಕಾರ್ರೆ. ಸುತ್ಲೂ ಅಂಚು ಕಪ್ಪಗೈತಿ, ನಡುವೆ ಬೆಳ್ಳಗೆ ಹರಳು ಹರಳು ಐತಿ. ಕಪ್ಪಗಿರಾದು ಹಳೇ ಸೀಳು. ವರ್ಷದ್ದಾದ್ರೂ ಆಗಿರ್ಬೇಕು, ಎಣ್ಣಿ ಇಳಿದು ಕಪ್ಪಾಗೇತಿ. ಬೆಳ್ಳಗಿರಾದಷ್ಟೇ ಮೊನ್ನೆ ಮುರಿದಿದ್ದು."

"ಹಳೇ ಸೀಳು ಹೆಂಗೆ ಬಿತ್ತು?"

"ಚಕ್ರ ಎಲ್ಲೋ ಸಿಕ್ಕಾಕ್ಕೊಂಡಿರ್ತತಿ. ಎಂಜಿನ್ ಜೋರು ಮಾಡಿ ಗಬಕ್ನೆ ಕ್ಲಚ್ ಬಿಟ್ರೆ ಬೀಳ್ತತಿ. ಡ್ರೈವಿಂಗ್ ಕಲಿಯೋರ ಕೈಯಾಗೆ ಕೊಟ್ರೆ ಹಿಂಗೇ. ಯಾರಿಗಾರ ಕಲಿಸಿದ್ರೇನು?"

ಯಲ್ಲಪ್ಪನಿಗೆ ಪಾಪ, ಏನೂ ಗೊತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಡ್ರೈವಿಂಗ್ ಕಲಿಯಲು ಹೊರಟವರು ಸಾವ್ಕಾರರೇ. ಕೆರೆಯ ಏರಿಯ ಕೆಳಗೆ ಬಲ ಚಕ್ರವನ್ನು ಕಲ್ಲಿನ ಸಂದಿಗೆ ಇಳಿಸಿ, ಎಂಜಿನ್ ಬೊಬ್ಬಿರಿಯುವ ಹಾಗೆ ತುಳಿದು, ಕ್ಲಚ್‌ನಿಂದ ಕಾಲು ಜಾರಿಸಿದ್ದರು. ಆಗ ಅಡಿಯಲ್ಲಿ ಟಣ್ ಎಂದದ್ದು ಉಜ್ಜಪ್ಪನಿಗೆ ಇನ್ನೂ ಕಿವಿಯಲ್ಲಿತ್ತು. ಆಮೇಲೆ ಕಾರು ಹೊರಡುವಾಗೆಲ್ಲ ಸಣ್ಣಗೆ ಒಂದು ಟಕ್ ಸದ್ದು ಬರುತ್ತಿತ್ತು. ಎರಡು ಸಲ ಹೇಳಿದ್ದ. "ಹಳೇ ಕಾರು, ಸದ್ದು ಮಾಡ್ತತಿ ಬಿಡು" ಎಂದಿದ್ದರು. ಈಗ ಉಜ್ಜಪ್ಪ ನೆಲ ನೋಡುತ್ತ ನಿಂತ. ತಲೆಯೆತ್ತಿದರೆ ಸಾವ್ಕಾರರ ಕಣ್ಣಿಗೆ ಕಣ್ಣು ಸಿಕ್ಕೀತೆಂಬ ಭಯ.

ಕಬ್ಬಿಣ ಅಷ್ಟು ಸ್ಪಷ್ಟವಾಗಿ ಸಾಕ್ಷಿ ಹೇಳಿತ್ತು. ಬೇರೆಯವರಾಗಿದ್ದರೆ ನಕ್ಕು, ನನ್ನದೇ ತಪ್ಪಪ್ಪ ಎಂದು ಮುಗಿಸುತ್ತಿದ್ದರು. ಮಲ್ಲಿಕಾರ್ಜುನಪ್ಪನವರು ಹಾಗೆ ಮುಗಿಸುವ ಜಾತಿಯಲ್ಲ. ಮಗಳ ಸಂಬಂಧ ತಪ್ಪಿದ್ದು ತಮ್ಮ ಕಾಲಿನಿಂದಲೇ ಎಂದು ಒಪ್ಪಿಕೊಳ್ಳುವುದೆಂದರೆ ಸುಲಭವೇ? ಜಗಲಿ ಇಳಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಬಾಗಿಲು ತೆಗೆದು ಕೂತರು, ಸೀಟು ಎತ್ತಿದರು, ಸಂದಿಗೆ ಕೈ ಹಾಕಿದರು. ಬೇರೆ ಯಾವ ತಪ್ಪಾದರೂ ಸಿಕ್ಕೀತೇ ಎಂದೇ ಹುಡುಕಿದರೋ ಏನೋ. ಕೈ ಹೊರಗೆ ಬಂದಾಗ ಅಂಗೈಯಲ್ಲಿ ಒಂದು ಹಿಡಿ ಅಕ್ಕಿ ಇತ್ತು, ಗೋಣಿಯ ನಾರಿತ್ತು.

"ಇದೇನೋ?"

ಬಾಗಿಲ ಕಡೆ ನೋಡಬಾರದೆಂದುಕೊಂಡರೂ ಉಜ್ಜಪ್ಪನ ಕಣ್ಣು ಆ ಕಡೆಗೇ ಹೋಯಿತು. ನೀಲಾಂಬಿಕಮ್ಮನ ಬಳೆಯ ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

ತಿಂಗಳ ಹಿಂದಿನ ಮಾತು. ಸಾವ್ಕಾರರು ಜವಳಿ ತರಲು ಎರಡು ದಿನ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿದ್ದರು. ನೀಲಾಂಬಿಕಮ್ಮ ಉಜ್ಜಪ್ಪನನ್ನು ಹಿತ್ತಲಿಗೆ ಕರೆದು, "ಲೋಕಮ್ಮ ಹಡೆದಾಳಂತೆ. ಮನೆಯಾಗೆ ಅಕ್ಕಿ ಸೈತ ಇಲ್ಲಂತೆ ಕಣೋ" ಎಂದು ಕಣ್ಣೀರು ಹಾಕಿದ್ದರು. ಲೋಕಮ್ಮ ಅವರ ತಂಗಿ, ಸೊರಬದ ಕಡೆ ಉಳವಿಗೆ ಕೊಟ್ಟಿದ್ದರು. ಲೋಕಮ್ಮನ ಗಂಡನಿಗೂ ಸಾವ್ಕಾರರಿಗೂ ಒಂದು ಗದ್ದೆಯ ಹದ್ದಿನ ಮೇಲೆ ಕೋರ್ಟು ಹತ್ತಿ ಐದು ವರ್ಷವಾಗಿತ್ತು. ಆ ಮನೆಗೆ ಒಂದು ಹಿಡಿ ಉಪ್ಪು ಹೋದರೂ ನೀನು ತವರಿಗೆ ಹೋದಂತೆ ಎಂದು ಹೆಂಡತಿಗೆ ಹೇಳಿಟ್ಟಿದ್ದರು. ಬರೀ ಹೇಳಿದ್ದಲ್ಲ, ಹಿಂದೊಮ್ಮೆ ತಂಗಿಗೆ ಒಂದು ಕುಪ್ಪಸದ ಕಣ ಕಳಿಸಿದ್ದಕ್ಕೆ ಮೂರು ತಿಂಗಳು ತವರಲ್ಲಿ ಕೂರಿಸಿದ್ದರು. ಉಜ್ಜಪ್ಪ ಆ ಮೂರು ತಿಂಗಳನ್ನು ಕಣ್ಣಾರೆ ಕಂಡವನು. ಅದಕ್ಕೇ ಏನೂ ಕೇಳದೆ ನಾಲ್ಕು ಮೂಟೆ ಅಕ್ಕಿ, ಒಂದು ಕೊಡ ಬೆಲ್ಲ, ಒಂದು ಡಬ್ಬಿ ತುಪ್ಪ ಕಾರಿಗೆ ಹೇರಿಕೊಂಡು ಉಳವಿಗೆ ಹೋಗಿ ಇಳಿಸಿ ಬಂದಿದ್ದ. ಒಂದು ಲೋಟ ಮಜ್ಜಿಗೆ ಬಿಟ್ಟರೆ ಏನೂ ಮುಟ್ಟಿರಲಿಲ್ಲ.

"ಬಾಡಿಗಿ ಹೊಡೆದಿಯಲ್ಲೋ ನನ್ನ ಕಾರಲ್ಲಿ" ಎಂದರು ಸಾವ್ಕಾರರು. ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. "ಮೂಟೆ ಹೇರಿ ಹೇರಿ ಮುರಿದಿ. ನನ್ನನ್ನ ಗೊಬ್ಬರದ ಮೇಲೆ ಕೂರಿಸಿದಿ."

"ಭಾರಕ್ಕೆ ಮುರಿದಿದ್ದಲ್ರಿ ಇದು" ಎಂದು ಯಲ್ಲಪ್ಪ ನಡುವೆ ಬಾಯಿ ಹಾಕಿದ. "ಭಾರಕ್ಕಾದ್ರೆ ಮೊದ್ಲು ಸ್ಪ್ರಿಂಗ್ ಪಾಟಾ ಕುಸಿದು ಕೂರ್ತತಿ. ಪಾಟಾ ನೆಟ್ಟಗೈತಿ ನೋಡ್ರಿ."

"ನೀನು ಸುಮ್ಕಿರೋ. ಕಬ್ಬಿಣದ ಮಾತು ಸಾಕು. ನಂಗೆ ಮನುಷ್ಯನ ಮಾತು ಬೇಕು."

ಸ್ಟಿಯರಿಂಗಿನ ಕೆಳಗೆ ಉಜ್ಜಪ್ಪ ಒಂದು ಸಣ್ಣ ಬಟ್ಟೆಯ ಗಂಟು ಕಟ್ಟಿಕೊಂಡಿದ್ದ. ಅವನ ತಾಯಿ ಗುತ್ಯಮ್ಮ ಕೊಟ್ಟ ಬೀರಪ್ಪನ ಭಂಡಾರ ಅದು, ದೇವರ ಅರಿಶಿನ. ಸಾವ್ಕಾರರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುವ ಕುರುಬರು ಮೂರು ತಲೆಮಾರಿನಿಂದ ಅವರ ಮನೆಗೆ ಬಂದುಹೋಗುವವರು. ಭಂಡಾರ ಹಿಡಿದ ಕುರುಬ ಸುಳ್ಳು ಹೇಳುವುದಿಲ್ಲವೆಂಬುದು ಸಾವ್ಕಾರರಿಗೆ ಚೆನ್ನಾಗಿ ಗೊತ್ತು. ಹಟ್ಟಿಯಲ್ಲಿ ಎಂಥ ಜಗಳವಾದರೂ ಅಲ್ಲಿಗೆ ಮುಗಿಯಿತು. ಮುಟ್ಟಿದವನು ಗೆದ್ದ, ಹಿಂದೆ ಸರಿದವನು ಕಳ್ಳ. ಸಾವ್ಕಾರರು ಅಕ್ಕಿಯನ್ನು ಜಗಲಿಯ ಮೇಲೆ ಸುರಿದು, ಆ ಗಂಟನ್ನು ಕಿತ್ತು ತಂದು ಬಿಚ್ಚಿ ಉಜ್ಜಪ್ಪನ ಮುಂದೆ ಹಿಡಿದರು.

"ಮುಟ್ಟು. ನಿಮಗೆ ತಿಳೀದಂಗೆ ಈ ಕಾರಲ್ಲಿ ಒಂದು ಮೂಟೆನೂ ಹೊತ್ತಿಲ್ಲ ಅಂತ ಹೇಳು. ಎಕ್ಸೆಲ್ ಹಾಳಾಗಿ ಹೋಗ್ಲಿ, ನಾನೇ ಹಾಕಿಸ್ತೀನಿ. ನಾಳಿಂದ ಕಾರು ಮತ್ತೆ ನಿನ್ನ ಕೈಗೇ."

ಉಜ್ಜಪ್ಪನ ಕೈ ಏಳಲಿಲ್ಲ. ಎಕ್ಸೆಲ್ ಮುರಿದದ್ದು ನನ್ನಿಂದಲ್ಲ ಎಂದು ಹೇಳಲು ಕೇಳಿದ್ದರೆ ಎರಡು ಕೈಯಲ್ಲೂ ಭಂಡಾರ ಹಿಡಿದು ಹೇಳುತ್ತಿದ್ದ. ಬಾಡಿಗೆ ಹೊಡೆದಿಲ್ಲ ಎಂದು ಹೇಳಲು ಕೇಳಿದ್ದರೂ ಹೇಳುತ್ತಿದ್ದ. ಕೇಳಿದ್ದು ಅದಲ್ಲ. ಮೂಟೆ ಹೊತ್ತದ್ದು ನಿಜ. ಯಾರ ಮೂಟೆ, ಎಲ್ಲಿಗೆ ಎಂದು ಬಾಯಿ ಬಿಟ್ಟರೆ ಬಾಗಿಲ ಹಿಂದಿನ ಹೆಂಗಸಿನ ಸಂಸಾರ ಸಂಜೆಯೊಳಗೆ ಬೀದಿಗೆ ಬೀಳುತ್ತದೆ. ಅವನು ಕಾದ. ಇನ್ನೇನು ಆಕೆ ಹೊರಗೆ ಬರುತ್ತಾರೆ, ಏನಾದರೊಂದು ಹೇಳುತ್ತಾರೆ, ದೇವರ ಅಕ್ಕಿ ಅಂತಲೋ ಮಠಕ್ಕೆ ಕಳಿಸಿದ್ದೆ ಅಂತಲೋ ಒಂದು ನೆಪ ಹೂಡುತ್ತಾರೆ ಎಂದು ಕಾದ. ಹೆಂಗಸರಿಗೆ ಇಂಥ ನೆಪಕ್ಕೆ ಬರಗಾಲವೇ?

ನೀಲಾಂಬಿಕಮ್ಮ ಹೊರಗೆ ಬಂದರು. ಮುಖ ಸುಣ್ಣದಂತಾಗಿತ್ತು.

"ನೋಡೇ, ಆರು ವರ್ಷ ಅನ್ನ ಹಾಕಿದಿ" ಎಂದರು ಸಾವ್ಕಾರರು. "ಏನ್ ಹೇಳ್ತಿ ಈಗ?"

ಆಕೆ ಉಜ್ಜಪ್ಪನ ಕಡೆ ನೋಡಲಿಲ್ಲ. ಜಗಲಿಯ ಮೇಲಿದ್ದ ಅಕ್ಕಿಯನ್ನು ನೋಡಿದರು. "ಏನೂ ಮಾಡಿಲ್ದಿದ್ರೆ ಮುಟ್ಲಿ ಬಿಡ್ರಿ. ಮುಟ್ಟಾಕೆ ಏನಡ್ಡಿ?" ಎಂದರು.

ಇಷ್ಟು ಹೇಳಿ ಒಳಗೆ ಹೋದರು. ಉಜ್ಜಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಕೈಯ ಎಣ್ಣೆ ಒರೆಸಿಕೊಂಡ. ಚಡ್ಡಿಯ ಜೇಬಿನಿಂದ ಕಾರಿನ ಬೀಗದ ಕೈ ತೆಗೆದು ಜಗಲಿಯ ಮೇಲಿಟ್ಟ. "ಮುಟ್ಟಾದಿಲ್ರಿ" ಎಂದ.

"ನೋಡಿದ್ಯಾ ಯಲ್ಲಪ್ಪ?" ಎಂದರು ಸಾವ್ಕಾರರು.

ಯಲ್ಲಪ್ಪ ನೋಡಿದ್ದ. ಸಂಜೆಯೊಳಗೆ ಬಸ್ ಸ್ಟ್ಯಾಂಡೂ ನೋಡಿತು, ವಾರದೊಳಗೆ ಶಿರಾಳಕೊಪ್ಪವೂ ನೋಡಿತು. ಉಜ್ಜಪ್ಪ ಒಂದು ಅಕ್ಕಿ ಗಿರಣಿಯ ಲಾರಿ ಕೇಳಲು ಹೋದ, ಒಂದು ಬಸ್ಸಿನವರ ಹತ್ತಿರ ಹೋದ. ಎಲ್ಲರೂ ಕೂರಿಸಿ ಚಹಾ ಕೊಟ್ಟರು, ಆಮೇಲೆ ಭಂಡಾರದ ಮಾತು ತೆಗೆದರು. ಎಕ್ಸೆಲ್ಲಿನ ಕಪ್ಪು ಅಂಚಿನ ಮಾತನ್ನು ಯಾರೂ ತೆಗೆಯಲಿಲ್ಲ. ಆ ತುಂಡನ್ನು ಕೈಯಾರೆ ತೊಳೆದ ಯಲ್ಲಪ್ಪನೇ ಒಂದು ದಿನ ಬೀಡಿ ಕೊಟ್ಟು, "ಸೀಳು ಹಳೇದೇ, ಅದರಾಗೆ ಎರಡು ಮಾತಿಲ್ಲ. ಆದ್ರೆ ಬಾಡಿಗಿ ಎಷ್ಟು ಸಿಕ್ತೋ, ನಂಗಾರ ಹೇಳು" ಎಂದ. ಉಜ್ಜಪ್ಪ ಬೀಡಿ ವಾಪಸು ಕೊಟ್ಟು ಎದ್ದು ಬಂದ.

ಹಟ್ಟಿಯಲ್ಲಿ ತಾಯಿ ಗುತ್ಯಮ್ಮ ಜಗಳವಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸುತ್ತಿತ್ತು. "ಬೀರಪ್ಪನ ಮುಂದೆ ತಪ್ಪು ಕಾಣಿಕಿ ಇಟ್ಟು ಬಂದ್ಬಿಡು ಮಗಾ. ಮಾಡಿದ್ದು ಮಾಡೀದಿ" ಎಂದಳು. ಮಾಡಿಲ್ಲ ಎಂದರೆ ಮುಟ್ಟಬೇಕಿತ್ತಲ್ಲ ಎನ್ನುತ್ತಾಳೆ. ಯಾಕೆ ಮುಟ್ಟಲಿಲ್ಲ ಎಂದು ಹೇಳಿದರೆ ನಾಳೆ ಹಟ್ಟಿಗೆಲ್ಲ ತಿಳಿಯುತ್ತದೆ, ನಾಡಿದ್ದು ಜವಳಿ ಅಂಗಡಿಗೆ. ಹೆಂಡತಿಗೂ ಹೇಳಲಿಲ್ಲ. ನುಂಗಿಕೊಂಡ. ಅಣ್ಣ ಚೌಡಪ್ಪನ ಮಂದೆಯ ಹಿಂದೆ ಕೋಲು ಹಿಡಿದು ಹೊರಟ. ರಸ್ತೆಯಲ್ಲಿ ಲಾರಿ ಹೋದರೆ ಯಾವ ಗೇರಿನಲ್ಲಿದೆ ಎಂದು ಕಿವಿ ತಾನಾಗಿ ಹೇಳುತ್ತಿತ್ತು, ಅದೊಂದು ಹಿಂಸೆ.

ಆರು ತಿಂಗಳಾದ ಮೇಲೆ ಶಿರಾಳಕೊಪ್ಪದ ಸಂತೆಯಲ್ಲಿ ಅಣ್ಣ ನೇಯ್ದ ಕಂಬಳಿ ಹರಡಿಕೊಂಡು ಕೂತಿದ್ದಾಗ ಆ ಕಾರು ಬಂತು. ಹೊಸ ಡ್ರೈವರು ಕ್ಲಚ್ ಸರಿಯಾಗಿ ಬಿಡದೆ ಕಾರನ್ನು ಕುಣಿಸಿ ನಿಲ್ಲಿಸಿದ. ನೀಲಾಂಬಿಕಮ್ಮ ಇಳಿದು, ಅವನನ್ನು ತೆಂಗಿನಕಾಯಿ ತರಲು ಕಳಿಸಿ, ನೇರ ಕಂಬಳಿಯ ಹತ್ತಿರ ಬಂದರು. ಉಜ್ಜಪ್ಪ ಎದ್ದು ನಿಂತ. ಈ ಗಳಿಗೆ ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆಕೆ ಕಣ್ಣೀರು ಹಾಕಿದರೆ ಏನು ಹೇಳಬೇಕೆಂದು ಮಂದೆಯ ಹಿಂದೆ ಅಲೆಯುವಾಗೆಲ್ಲ ಯೋಚಿಸಿಟ್ಟಿದ್ದ. ಇರ್ಲಿ ಬಿಡ್ರಿ ಅಮ್ಮಾರೆ, ನಿಮ್ಮ ಸಂಸಾರ ಉಳೀತಲ್ಲ ಎನ್ನಬೇಕೆಂದಿದ್ದ. ಹಾಗೆನ್ನಲು ಮನಸ್ಸೂ ಇತ್ತು, ಅಷ್ಟು ಒಳ್ಳೆಯವನು ಅವನು.

ಆಕೆ ಕಂಬಳಿಯ ಒಂದು ಮೂಲೆ ಹಿಡಿದು ನೋಡುವಂತೆ ಮಾಡಿದರು. "ಉಜ್ಜಪ್ಪಾ, ಲೋಕಮ್ಮನ ಗಂಡ ಈಗ ಹೇಳಿ ಕಳಿಸ್ಯಾನ. ಅವತ್ತು ಮೂರೇ ಮೂಟೆ ಬಂದಿದ್ವಂತೆ. ಇನ್ನೊಂದು ಎಲ್ಲಿಗೆ ಹೋತು?"

"ನಾಲ್ಕೂ ಇಳಿಸೀನ್ರಿ ಅಮ್ಮಾರೆ" ಎಂದ ಉಜ್ಜಪ್ಪ. "ನಾನೇ ಹೊತ್ತು ಪಡಸಾಲಿಗೆ ಇಟ್ಟು ಬಂದೀನಿ. ಲೋಕಮ್ಮಾರ್ನ ಕೇಳ್ರಿ ಬೇಕಾದ್ರೆ."

"ಅವ್ಳು ಬಾಣಂತಿ, ಒಳಗೆ ಮಲಗಿದ್ಲು. ಅವ್ಳಿಗೇನ್ ಗೊತ್ತು. ಮಕ್ಳ ಹೊಟ್ಟಿಗೆ ಅಂತ ಒಯ್ದಿದ್ರೆ ಒಯ್ದೀನಿ ಅಂದ್ಬಿಡು. ನಾನೇನು ವಾಪಸ್ ಕೇಳಾದಿಲ್ಲ."

"ಒಯ್ದಿಲ್ರಿ."

ನೀಲಾಂಬಿಕಮ್ಮ ಕಂಬಳಿಯ ಮೂಲೆ ಬಿಟ್ಟರು. ಅವನ ಮುಖವನ್ನೇ ನೋಡಿದರು.

"ಹಂಗಾರೆ ಅವತ್ತು ಭಂಡಾರ ಯಾಕೆ ಮುಟ್ಲಿಲ್ಲ?"

ಕುಹಕಕ್ಕೆ ಕೇಳಿರಲಿಲ್ಲ. ಆಕೆಗೆ ನಿಜವಾಗಿಯೂ ಅನುಮಾನ ಬಂದಿತ್ತು, ಉತ್ತರ ಬೇಕೆಂದೇ ಕೇಳಿ ನಿಂತಿದ್ದರು. ಉಜ್ಜಪ್ಪ ಕೂತು ಕಂಬಳಿ ಮಡಚತೊಡಗಿದ.